ಅದಿರು ತಡೆದರೆ ಕಾರ್ಖಾನೆ ಬಂದೀತೇ?

ಸಂಪಾದಕರ ಉತ್ತರ

ಆತ್ಮೀಯ ಓದುಗರೇ,

ನಿಕಲ್ ಲೋಹದ ಕಚ್ಚಾ ಅದಿರಿನ ರಫ್ತು ನಿಷೇಧಿಸಿ, ಅದನ್ನು ಕರಗಿಸುವ ಕುಲುಮೆಗಳನ್ನು ತನ್ನಲ್ಲಿಗೇ ತರಿಸಿಕೊಂಡ ಇಂಡೋನೇಷ್ಯಾ ಕುರಿತ ನಮ್ಮ ಲೇಖನ ಓದಿ ಖಾರವಾಗಿಯೇ ಕೇಳಿದ್ದೀರಿ: 'ಹತ್ತಿ ಮಾರಿ ಬಟ್ಟೆ ಕೊಳ್ಳುವ ದಡ್ಡತನವನ್ನು ಇಂಡೋನೇಷ್ಯಾ ಬಿಟ್ಟಿತು. ಬ್ಯಾಟರಿಗೆ ಬೇಕಾದ ಕೋಬಾಲ್ಟ್, ಲಿಥಿಯಂ ಲೋಹಗಳಿರುವ ಕಾಂಗೋ, ಜಿಂಬಾಬ್ವೆಗಳಿಗೆ ಅಷ್ಟು ಬುದ್ಧಿ ಇಲ್ಲವೇ?'

ಬುದ್ಧಿ ಇದೆ. ಜಿಂಬಾಬ್ವೆ 2022ರ ಡಿಸೆಂಬರ್‌ನಲ್ಲೇ ಕಚ್ಚಾ ಲಿಥಿಯಂ ಅದಿರಿನ ರಫ್ತು ನಿಲ್ಲಿಸಿತು. ಆಮೇಲೆ ಗಡಿ ದಾಟಿದ್ದು ಪುಡಿಮಾಡಿ ಕಲ್ಲುಮಣ್ಣು ಬೇರ್ಪಡಿಸಿದ ಸರಕು. ಒಂದು ಮೆಟ್ಟಿಲು ಹತ್ತಿದ್ದು ನಿಜ, ಆದರೆ ಬ್ಯಾಟರಿಗೆ ಬೇಕಾದ ಲವಣವಾಗಿ ಅದು ಬದಲಾಗುತ್ತಿದ್ದುದು ಚೀನಾದಲ್ಲೇ.

ಇಂಡೋನೇಷ್ಯಾದ ಕಥೆಯೂ ಒಂದೇ ಏಟಿಗೆ ಮುಗಿದದ್ದಲ್ಲ. 2014ರಲ್ಲಿ ಅದಿರಿನ ರಫ್ತಿಗೆ ಬಾಗಿಲು ಹಾಕಿತು, 2017ರಲ್ಲಿ ಅರ್ಧ ತೆರೆಯಿತು, 2020ರಲ್ಲಿ ಮತ್ತೆ ಚಿಲಕ ಹಾಕಿತು. ಅದರ ಕೈಯಲ್ಲಿ ಮೂರು ಒಟ್ಟಿಗೆ ಇದ್ದವು: ಅಪಾರ ಅದಿರು, ಅಗ್ಗದ ಕಲ್ಲಿದ್ದಲು, ಮತ್ತು ಕಡಿಮೆ ದರ್ಜೆಯ ಅದಿರಿನಿಂದಲೇ ಸ್ಟೇನ್‌ಲೆಸ್ ಸ್ಟೀಲಿಗೆ ಬೇಕಾದ ಲೋಹ ತೆಗೆಯಬಲ್ಲ ಚೀನೀ ಗಿರಾಕಿಗಳು. ಅದಿರು ಬರದಿದ್ದಾಗ ಅವರು ಕುಲುಮೆಗಳನ್ನೇ ಸುಲವೇಸಿ ದ್ವೀಪದ ಮೊರೊವಾಲಿಗೆ ತಂದರು. ಗಾಳಿ ಬಂದಾಗ ಇಂಡೋನೇಷ್ಯಾ ತೂರಿಕೊಂಡಿತು, ಅಷ್ಟೇ. ಗಾಳಿಯನ್ನು ಕಾನೂನಿನಿಂದ ತರಿಸಲಾಗದು.

ಕಾಂಗೋ ವಿಷಯ ಬೇರೆ. ಜಗತ್ತಿನ ಕೋಬಾಲ್ಟ್‌ನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಅಲ್ಲಿಯದೇ, ಆದರೆ ಅದು ಬಹುಪಾಲು ತಾಮ್ರದ ಜೊತೆ ಹೊರಬರುವ ಉಪಉತ್ಪನ್ನ. ತಾಮ್ರಕ್ಕೆ ಬೆಲೆ ಇರುವ ತನಕ ಕೋಬಾಲ್ಟ್ ಬೇಡವೆಂದರೂ ರಾಶಿ ಬೀಳುತ್ತದೆ. 2025ರ ಫೆಬ್ರವರಿಯಲ್ಲಿ ಕಾಂಗೋ ರಫ್ತು ತಡೆದದ್ದು ಕುಸಿದ ಬೆಲೆ ಎತ್ತಲು, ಕಾರ್ಖಾನೆ ಕರೆಯಲು ಅಲ್ಲ. ಅಕ್ಟೋಬರ್‌ನಿಂದ ತಡೆಯ ಬದಲು, ಇಷ್ಟೇ ಕಳಿಸಬೇಕೆಂಬ ಕೋಟಾ ಬಂತು. ಶುದ್ಧೀಕರಣ ಘಟಕ ನಡೆಸಲು ಬೇಕಾದ ನಿರಂತರ ವಿದ್ಯುತ್ತಿಗೇ ಅಲ್ಲಿ ಪರದಾಟ.

ನಮ್ಮ ಲೇಖನದ ಲೋಪವನ್ನೂ ಒಪ್ಪಿಕೊಳ್ಳಬೇಕು. ರಫ್ತಿನ ಗಳಿಕೆ ಬರೆದೆವು, ಕುಲುಮೆಗಳ ಒಡೆತನ ಬಹುಪಾಲು ಚೀನೀ ಕಂಪನಿಗಳದೆಂದು ಬರೆಯಲಿಲ್ಲ. 2023ರ ಡಿಸೆಂಬರ್‌ನಲ್ಲಿ ಮೊರೊವಾಲಿಯ ಸ್ಫೋಟದಲ್ಲಿ ಸತ್ತ 21 ಕಾರ್ಮಿಕರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕುಲುಮೆಗಳು ಎಷ್ಟು ಹೆಚ್ಚಿದವೆಂದರೆ, ಜಗತ್ತಿನಲ್ಲಿ ನಿಕಲ್ ಬೆಲೆ ಬಿತ್ತು. ಇತ್ತ ಗಣಿ ಪರವಾನಗಿ ತಡವಾಗಿ, ಅದಿರಿನ ರಫ್ತು ನಿಷೇಧಿಸಿದ ಆ ದೇಶವೇ 2024ರಲ್ಲಿ ಫಿಲಿಪ್ಪೀನ್ಸ್‌ನಿಂದ ಅದಿರು ತರಿಸಿಕೊಂಡಿತು.

— ಸಂ.