ಏರ್‌ಬೋರ್ನ್ ಅಂದ್ರೆ ಗಾಳಿ ಹೊತ್ತು ತಂದದ್ದು

ಕುಂಡದ ಟೊಮ್ಯಾಟೊ ಗಿಡದ ಎಲೆ ಮುದುಡಿದೆ, ಯಾರೋ ನೋಡಿ 'ಇದು ಏರ್‌ಬೋರ್ನ್ ಕಾಯಿಲೆ' ಅಂದರು, ಹಾಗಂದ್ರೆ ಏನು, ಕುಂಡಗಳನ್ನು ದೂರ ದೂರ ಇಟ್ಟರೆ ಸಾಕಾ ಅಂತ ಕೇಳಿದ್ದೀರಿ. ಮೊದಲು ಪದ ಬಿಡಿಸೋಣ, ಆಮೇಲೆ ಗಿಡಕ್ಕೆ ಬರ್ತೀನಿ.

ಇಲ್ಲಿ ಬೋರ್ನ್ ಅಂದರೆ ಹುಟ್ಟಿದ್ದು ಅಲ್ಲ. ಉಚ್ಚಾರ ಒಂದೇ ಥರ ಇರೋದರಿಂದ ತುಂಬಾ ಜನ ಹಾಗೆ ಅಂದ್ಕೊಳ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಒಂದು 'ಇ' ಜಾಸ್ತಿ ಇರುತ್ತದೆ, ಆಗ ಅರ್ಥ 'ಹೊತ್ತು ತಂದ' ಅಂತ. ವಾಟರ್‌ಬೋರ್ನ್, ಸಾಯಿಲ್‌ಬೋರ್ನ್, ಸೀಡ್‌ಬೋರ್ನ್ ಎಲ್ಲವೂ ಇದೇ ಅಚ್ಚು: ನೀರು ಹೊತ್ತದ್ದು, ಮಣ್ಣಿನಿಂದ ಬಂದದ್ದು, ಬೀಜದ ಜೊತೆ ಬಂದದ್ದು.

ಕನ್ನಡದಲ್ಲಿ ಇದಕ್ಕೆಲ್ಲ ಒಂದೇ ಪದ ಹುಡುಕಬೇಡಿ. ಕೆಲವರು 'ವಾಯುವಾಹಿತ' ಅಂತ ಬರೀತಾರೆ, ತಪ್ಪಲ್ಲ, ಆದರೆ ಓದಿದವರು ಒಂದು ಕ್ಷಣ ನಿಂತು ಯೋಚಿಸಬೇಕು. ರೋಗವಾದರೆ 'ಗಾಳಿಯಿಂದ ಹರಡುವ', ಧೂಳಾದರೆ 'ಗಾಳಿಯಲ್ಲಿ ತೇಲುವ' ಅಂದರೆ ಸಾಕು. ವಿಮಾನದ ಚಕ್ರ ನೆಲ ಬಿಟ್ಟ ಕ್ಷಣಕ್ಕೂ ಏರ್‌ಬೋರ್ನ್ ಅಂತಾರೆ, ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿಯುವ ಸೈನಿಕರ ಪಡೆಗೂ ಅದೇ ಹೆಸರು. ನಮ್ಮಲ್ಲಿ ಗಾಳಿ ಹೊತ್ತು ತಿರುಗುವುದು ಇನ್ನೊಂದಿದೆ, ಗಾಳಿಸುದ್ದಿ. ಅದಕ್ಕೆ ಔಷಧಿ ಇಲ್ಲ ಬಿಡಿ.

ಎಡವಟ್ಟಾಗೋದು ಎಲ್ಲಿ ಅಂದರೆ, ಗಾಳಿ ಹೊತ್ತಿತು ಅಂತ ಈ ಪದ ಹೇಳುತ್ತದೆ, ಎಷ್ಟು ದೂರ ಅಂತ ಹೇಳೋದಿಲ್ಲ. ರಾಶಿ ತೂರುವಾಗ ನೋಡಿದ್ದೀರಲ್ವಾ, ಹೊಟ್ಟು ಆಚೆ ಹಾರುತ್ತದೆ, ಕಾಳು ಕಾಲಬುಡಕ್ಕೇ ಬೀಳುತ್ತದೆ. ಗಾಳಿ ಒಂದೇ, ತೂಕ ಬೇರೆ. ಔಷಧಿ ಸಿಂಪಡಿಸುವಾಗಲೂ ಇದೇ ಲೆಕ್ಕ. ನಿಂತ ಗಾಳಿಯಲ್ಲಿ 100 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಹನಿ 3 ಮೀಟರ್ ಎತ್ತರದಿಂದ ಸುಮಾರು 10 ಸೆಕೆಂಡಿಗೆ ನೆಲ ಮುಟ್ಟುತ್ತದೆ, 5 ಮೈಕ್ರಾನಿನದಕ್ಕೆ ಒಂದು ಗಂಟೆಗೂ ಜಾಸ್ತಿ ಬೇಕು. ಅದಕ್ಕೇ ಮಂಜಿನಂತೆ ನುಣ್ಣಗೆ ಹೊಡೆಯುವ ನಾಜಲ್ ಹಾಕಿ, ಗಾಳಿ ಬೀಸುವಾಗ ಸಿಂಪಡಿಸಿದರೆ ಅರ್ಧ ಔಷಧಿ ಪಕ್ಕದವರ ಗಿಡಕ್ಕೆ. ಮೆಕ್ಕೆಜೋಳದ ಪರಾಗ ದಪ್ಪ, ಬಹುಪಾಲು ಹತ್ತಿರದಲ್ಲೇ ಉದುರುತ್ತದೆ. ಗೋಧಿಯ ತುಕ್ಕು ರೋಗದ ಬೀಜಕಣ ನೂರಾರು ಕಿಲೋಮೀಟರ್ ಹೋಗುತ್ತದೆ.

ಈ ಪದದಲ್ಲಿ ದೊಡ್ಡವರೂ ಎಡವಿದ್ದಾರೆ. 2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಏರ್‌ಬೋರ್ನ್ ಅಲ್ಲ ಅಂತ ಘಂಟಾಘೋಷವಾಗಿ ಹೇಳಿತ್ತು. ಆಗ ವೈದ್ಯರ ಲೆಕ್ಕದಲ್ಲಿ 5 ಮೈಕ್ರಾನಿಗಿಂತ ಸಣ್ಣದು ಮಾತ್ರ ಏರ್‌ಬೋರ್ನ್, ದೊಡ್ಡದು ಬರೀ ಹನಿ. ಆಮೇಲೆ ಮಾತು ಬದಲಾಯಿತು, 2024ರಲ್ಲಿ ಆ ಗಾತ್ರದ ಗೆರೆಯನ್ನೇ ಕೈಬಿಟ್ಟು ಸುಮ್ನೆ 'ಗಾಳಿಯ ಮೂಲಕ ಹರಡುವ' ಅನ್ನೋ ಅರ್ಥದ ಮಾತು ತಂದರು.

ಈಗ ನಿಮ್ಮ ಗಿಡ. ನಿಜವಾಗಿ ಗಾಳಿಗೆ ಹರಡುವುದು ಬೂದಿ ರೋಗ, ತುಕ್ಕು ರೋಗ, ಅಂಗಮಾರಿಯಂಥವು. ಬೂದಿ ರೋಗದ ಎಲೆಯನ್ನು ಬೆರಳಲ್ಲಿ ಉಜ್ಜಿ, ಪೌಡರ್ ಸವರಿದ ಹಾಗೆ ಬಿಳಿ ಅಂಟುತ್ತದೆ. ತುಕ್ಕಾದರೆ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕಂದು ಪುಡಿ. ಸೊರಗು ರೋಗ ಹೆಚ್ಚಾಗಿ ಮಣ್ಣಿನಿಂದ ಬರುತ್ತದೆ, ಅದಕ್ಕೆ ಎಲೆಗೆ ಸಿಂಪಡಿಸಿ ಪ್ರಯೋಜನ ಇಲ್ಲ.

ಮುದುಡುವುದು ಬೇರೆ ಕಥೆ. ಕೆಳಗಿನ ಹಳೆ ಎಲೆ ಮಾತ್ರ ಸುರುಳಿಯಾಗಿ, ಚಿಗುರು ಚೆನ್ನಾಗಿದ್ದರೆ ಬಿಸಿಲೋ ನೀರಿನ ಹೆಚ್ಚುಕಡಿಮೆಯೋ ಇರಬಹುದು, ಗಾಬರಿ ಬೇಡ. ಚಿಗುರೇ ಸಣ್ಣದಾಗಿ, ಅಂಚು ಹಳದಿಯಾಗಿ, ದೊನ್ನೆಯ ಹಾಗೆ ಮೇಲಕ್ಕೆ ಮಡಚಿದ್ದರೆ ಮುರುಟು ರೋಗದ ವೈರಸ್ ಅಂತ ನನ್ನ ಅನುಮಾನ. ಅದನ್ನು ಹೊರುವುದು ಗಾಳಿ ಅಲ್ಲ, ಬಿಳಿ ನೊಣ. ಆ ನೊಣವನ್ನು ಗಾಳಿ ತಳ್ಳಿಕೊಂಡು ಬರಬಹುದು, ಅದಕ್ಕೇ ನಿಮಗೆ ಹೇಳಿದವರಿಗೆ ಹಾಗನ್ನಿಸಿರಬೇಕು.

ಹಾಗಾಗಿ ಕುಂಡ ದೂರ ಇಟ್ಟರೆ ಸಾಲದು, ನೊಣ ಹಾರಿ ಬರುತ್ತದೆ. ಬೆಳಿಗ್ಗೆ ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ. ಮಿಲಿಮೀಟರ್ ಉದ್ದದ ಬಿಳಿ ಚುಕ್ಕೆಗಳು ಪುರ್ರನೆ ಎದ್ದು ಮತ್ತೆ ಎಲೆಯಡಿ ಕೂತರೆ ಅವೇ. ವೈರಸ್ ಬಂದ ಗಿಡ ಸರಿ ಹೋಗೋದಿಲ್ಲ, ಚೀಲದಲ್ಲಿ ಮುಚ್ಚಿ ಕಿತ್ತು ತೆಗೆಯಿರಿ, ಉಳಿದವಕ್ಕೆ ಹಳದಿ ಅಂಟು ಹಾಳೆ ಕಟ್ಟಿ, ಹೊಸ ಸಸಿಗೆ ಸಣ್ಣ ಕಣ್ಣಿನ ಬಲೆ ಹೊದಿಸಿ. ಮೊದಲು ಎಲೆಯ ಅಡಿಭಾಗದ ಫೋಟೊ ಒಂದು ಹಾಕಿ, ನೋಡಿ ಹೇಳ್ತೀನಿ.