ರೇಡಾರ್‌ಗೆ ಹತ್ತಿರದ್ದೇ ಕಾಣಲ್ವಾ?

ಪ್ರಶ್ನೆ: ರೇಡಿಯೊ ಅಲೆ ಬೆಳಕಿನ ವೇಗದಲ್ಲಿ ಓಡುತ್ತದೆ. ಹಾಗಿದ್ದರೆ ಅದು ದೂರದ ವಿಮಾನಕ್ಕೆ ಬಡಿದು ವಾಪಸ್ ಬರುವ ಹೊತ್ತನ್ನು ರೇಡಾರ್ ಹೇಗೆ ಅಳೆಯುತ್ತದೆ? ತೀರಾ ಹತ್ತಿರದ್ದು ಅದಕ್ಕೆ ಕಾಣುವುದಿಲ್ಲ ಅನ್ನುವುದು ನಿಜವೇ?

ಉತ್ತರ: ಕೊನೆಯದನ್ನೇ ಮೊದಲು ಹೇಳಿಬಿಡುತ್ತೇನೆ. ನಿಜ. ನಾನು ಕೆಲಸ ಮಾಡಿದ ರೇಡಾರ್‌ನಲ್ಲಿ ಅಲೆ ಕಳಿಸುವುದಕ್ಕೂ ಎಕೋ, ಅಂದರೆ ಬಡಿದು ವಾಪಸ್ ಬಂದ ಅಲೆ, ಹಿಡಿಯುವುದಕ್ಕೂ ಇದ್ದದ್ದು ಒಂದೇ ಆಂಟೆನಾ. ಗಂಟಲು ಹರಿಯುವಂತೆ ಕೂಗುತ್ತಿರುವಾಗ ಪಿಸುಮಾತು ಕೇಳಿಸುತ್ತದೆಯೇ? ಅದಕ್ಕೇ ಒಂದು ಚುಟುಕು ಕೂಗು, ಆಮೇಲೆ ಮೌನವಾಗಿ ಕಿವಿಗೊಡುವುದು. ಆ ಕೂಗಿಗೆ ಪಲ್ಸ್ ಅನ್ನುತ್ತೇವೆ. ಪಲ್ಸ್ ಬರೀ 1 ಮೈಕ್ರೋಸೆಕೆಂಡ್ ಇದ್ದರೂ ಅಷ್ಟರಲ್ಲಿ ಅಲೆ 300 ಮೀಟರ್ ಓಡಿರುತ್ತದೆ. ಹೋಗಲು 150, ಬರಲು 150. ಅಂದರೆ 150 ಮೀಟರ್ ಒಳಗಿನ ವಸ್ತುವಿನ ಎಕೋ, ಕೂಗು ಮುಗಿಯುವ ಮೊದಲೇ ಬಾಗಿಲಿಗೆ ಬಂದಿರುತ್ತದೆ. ತೆಗೆಯುವವರಿಲ್ಲ.

ಹೊತ್ತು ಅಳೆಯುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. 150 ಕಿ.ಮೀ. ದೂರದ ವಿಮಾನಕ್ಕೆ ಹೋಗಿ ಬರಲು ಸೆಕೆಂಡಿನ ಸಾವಿರದ ಒಂದು ಪಾಲು ಬೇಕು. ನಮಗೆ ಅದು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ, ಎಲೆಕ್ಟ್ರಾನಿಕ್ಸ್‌ಗೆ ಬೇಕಾದಷ್ಟಾಯಿತು. ಹಳೆಯ ಸೆಟ್‌ಗಳಲ್ಲಿ ಪಲ್ಸ್ ಹೊರಟ ಕ್ಷಣವೇ ಪರದೆಯ ಮೇಲೆ ಬೆಳಕಿನ ಚುಕ್ಕಿಯೊಂದು ಗೊತ್ತಾದ ವೇಗದಲ್ಲಿ ಓಡಲು ಶುರುಮಾಡುತ್ತಿತ್ತು. ಎಕೋ ಬಂದ ಜಾಗದಲ್ಲಿ ಗೆರೆ ಉಬ್ಬುತ್ತಿತ್ತು. ಎಷ್ಟು ದೂರ ಅಂತ ಪಕ್ಕದ ಅಳತೆಪಟ್ಟಿ ನೋಡಿ ಓದಿಕೊಂಡರಾಯಿತು, ಅಷ್ಟೇ. 1946ರಲ್ಲಿ ಅಮೆರಿಕದ ಸೇನೆಯವರು ಚಂದ್ರನಿಗೇ ಪಲ್ಸ್ ಬಿಟ್ಟರು. ಎಕೋ ಬರಲು ಎರಡೂವರೆ ಸೆಕೆಂಡ್! ಅದಕ್ಕೆ ಕೈಗಡಿಯಾರವೇ ಸಾಕಿತ್ತೇನೋ.

ನಿಜವಾದ ಕಷ್ಟ ಬೇರೆ. ಎಕೋ ಭಾರಿ ಕ್ಷೀಣ. ಅಲೆ ಹೋಗುವಾಗಲೂ ಹರಡಿಕೊಳ್ಳುತ್ತದೆ, ಬರುವಾಗಲೂ ಹರಡಿಕೊಳ್ಳುತ್ತದೆ. ದೂರ ಎರಡರಷ್ಟಾದರೆ ಎಕೋ ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಲಕ್ಷಗಟ್ಟಲೆ ವಾಟ್ ಸುರಿದು ಒಂದು ಚಿಟಿಕೆಯನ್ನೂ ವಾಪಸ್ ಪಡೆಯದ ವ್ಯವಹಾರ ಇದು. 1904ರಲ್ಲೇ ಜರ್ಮನಿಯ ಕ್ರಿಸ್ಟಿಯಾನ್ ಹ್ಯುಲ್ಸ್‌ಮೆಯರ್ ಹಡಗು ಎದುರಾದರೆ ಗಂಟೆ ಬಾರಿಸುವ ಯಂತ್ರ ಮಾಡಿ ತೋರಿಸಿದ್ದರು. ಅದು ದೂರ ಹೇಳುತ್ತಿರಲಿಲ್ಲ, ಯಾರೂ ಕೊಳ್ಳಲೂ ಇಲ್ಲ. ಪಾಪ.

ಇನ್ನೊಂದು ತಪ್ಪು ತಿಳಿವಳಿಕೆ, ರೇಡಾರ್‌ಗೆ ಲೋಹವೇ ಬೇಕು ಅನ್ನುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಹಾಗೇ ಅನಿಸಿತ್ತು. ಒಂದು ಬೆಳಗಿನ ಜಾವ ಪರದೆಯ ಮೂಲೆಯಲ್ಲಿ ಬಳೆಯಂಥದ್ದೊಂದು ಮೂಡಿತು. ಆಂಟೆನಾ ಒಂದೊಂದು ಸುತ್ತು ಬಂದಾಗಲೂ ಬಳೆ ಇನ್ನಷ್ಟು ದೊಡ್ಡದು. ಸೆಟ್ ಕೆಟ್ಟಿತು ಅಂತ ಹಿರಿಯರನ್ನು ಎಬ್ಬಿಸಿದೆ. ಅವರು ಕಣ್ಣುಜ್ಜಿಕೊಂಡು ನೋಡಿ, "ಹಕ್ಕಿ ಕಣಯ್ಯ" ಅಂದರು. ರಾತ್ರಿ ಒಂದೇ ಕಡೆ ತಂಗಿದ್ದ ಸಾವಿರಾರು ಹಕ್ಕಿಗಳು ಬೆಳಕು ಹರಿಯುತ್ತಲೇ ಎಲ್ಲ ದಿಕ್ಕಿಗೂ ಒಟ್ಟಿಗೆ ಹಾರಿದ್ದವು. ಅವುಗಳ ಮೈಯಲ್ಲಿರುವ ನೀರೇ ಎಕೋ ಕೊಡಲು ಸಾಕು. ಮಳೆಹನಿ ಪತ್ತೆಯಾಗುವುದೂ ಹೀಗೆಯೇ.

ಮಾರನೇ ದಿನ ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ ಬಳೆ ಮತ್ತೆ ಮೂಡಿತು. ಆ ಸಲ ನಾನು ಯಾರನ್ನೂ ಎಬ್ಬಿಸಲಿಲ್ಲ.