ಆಯಾಸವಾ, ಬೇಜಾರಾ?

ಪೊನ್ನಂಪೇಟೆಯಿಂದ ಮನಃಶಾಸ್ತ್ರದ ಉಪನ್ಯಾಸಕಿಯೊಬ್ಬರು ಬರೆದಿದ್ದಾರೆ: ‘ಸೋಶಿಯಲ್ ಮೀಡಿಯಾ ನೋಡಿ ನೋಡಿ ಬರುವ ದಣಿವನ್ನು ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದಿದ್ದೇನೆ. ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿದೆ. ಮೂಲಕ್ಕೆ ಚೆನ್ನಾಗಿ ಹೊಂದಿತು. ನಿಮ್ಮ ಪತ್ರಿಕೆಯಲ್ಲಿ ಹಾಕಿ ಓದುಗರಿಂದ ತುಂಬಿಸಿಕೊಡುತ್ತೀರಾ?’

ಮೇಡಂ, ಈಗಲೇ ಬೇಡ. ಮೊದಲು ಆ ಹಾಳೆ ಹಿಡಿದು ನಾಲ್ಕು ಮನೆ ತಿರುಗಿ ಬನ್ನಿ.

ನಿಮ್ಮ ಹಾಳೆಯ ತುಂಬಾ ‘ಆಯಾಸ’ ಇದೆ. ನಮ್ಮ ಮಡಿಕೇರಿ ಆಫೀಸಿನಲ್ಲಿ ಪುಟ ಕಟ್ಟುವ ಹುಡುಗನಿಗೆ ಒಂದು ಸಾಲು ಓದಿ ಹೇಳಿದೆ: ‘ವಾಟ್ಸ್‌ಆ್ಯಪ್ ನೋಡಿದರೆ ನನಗೆ ಆಯಾಸವಾಗುತ್ತದೆ’. ‘ಕಣ್ಣು ಉರಿಯುತ್ತೆ ಸಾರ್, ಆಯಾಸ ಏನಿಲ್ಲ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಗ್ರೂಪ್ ತೆಗೆಯೋಕೇ ಮನಸ್ಸು ಬರಲ್ಲ, ಬೇಜಾರು’ ಅಂದ. ನೀವು ಅಳೆಯಬೇಕಾದ್ದು ಆ ಎರಡನೇ ಮಾತನ್ನು. ಇಡೀ ದಿನ ಕಾಫಿ ಕುಯ್ದು ಬಂದವರಿಗೆ ಆಯಾಸ ಅಂದರೆ ಸೊಂಟದ ನೋವು.

ಮತ್ತೆ ಇಂಗ್ಲಿಷಿಗೆ ಮಾಡಿದಾಗ ಇದು ಯಾಕೆ ಸಿಕ್ಕಿಬೀಳಲಿಲ್ಲ? ಮಾಡಿದವರಿಗೆ ಇಂಗ್ಲಿಷ್ ಚೆನ್ನಾಗಿ ಗೊತ್ತು. ‘ಆಯಾಸ’ ಕಂಡ ಕೂಡಲೇ ಮೂಲದ ‘ಫಟೀಗ್’ (ದಣಿವು) ಹೊಳೆಯುತ್ತದೆ. ಹೀಗೆ ಮರಳಿ ಅನುವಾದಿಸಿ ನೋಡುವ ಕ್ರಮದ ಬಗ್ಗೆ 1970ರಲ್ಲಿ ಬರೆದ ಮನಃಶಾಸ್ತ್ರಜ್ಞ ರಿಚರ್ಡ್ ಬ್ರಿಸ್ಲಿನ್ ಅವರೇ ಈ ಅಪಾಯ ಹೇಳಿದ್ದರು: ಎರಡೂ ಭಾಷೆ ಬಲ್ಲವರು ಕೆಟ್ಟ ಅನುವಾದದಿಂದಲೂ ಮೂಲದ ಅರ್ಥ ಹುಡುಕಿ ತೆಗೆಯುತ್ತಾರೆ.

‘ಗ್ರೂಪ್ ಬಿಡಬೇಕು ಅನ್ನಿಸಿ ಬಿಟ್ಟಿದ್ದೇನೆ’ ಎಂಬ ಸಾಲು ಇನ್ನೂ ತೊಂದರೆಯದು. ಕೊಡಗಿನಲ್ಲಿ ಗ್ರೂಪ್ ಬಿಡುವವರು ಯಾರು? ಆನೆ ಯಾವ ತೋಟದಲ್ಲಿದೆ, ಕಾಫಿ ಹೂ ಬಿಡಿಸುವ ಹೂಮಳೆ ಎಲ್ಲಿ ಎಷ್ಟು ಇಂಚು ಬಿತ್ತು, ಕಾಫಿ ರೇಟೆಷ್ಟು, ಯಾರ ಮನೆಯಲ್ಲಿ ಸಾವು, ಎಲ್ಲ ಅಲ್ಲೇ ಗೊತ್ತಾಗುವುದು. ರೋಸಿಹೋದವರೂ ಸುಮ್ನೆ ಇರುತ್ತಾರೆ. ನಿಮ್ಮ ಲೆಕ್ಕದಲ್ಲಿ ಅವರಿಗೆ ದಣಿವೇ ಇಲ್ಲ ಅಂತಾಗುತ್ತದೆ. ‘ಅನ್ನಿಸಿದೆ’ ಮತ್ತು ‘ಬಿಟ್ಟಿದ್ದೇನೆ’ ಎರಡನ್ನೂ ಬೇರೆ ಬೇರೆ ಕೇಳಿ.

ಪ್ರಶ್ನಾವಳಿಯ ‘ಆಲ್ಫಾ’ ಎಂಬ ಅಂಕೆ 0.70 ದಾಟಿದರೆ ಸಾಕಾ ಅಂತಲೂ ಕೇಳಿದ್ದೀರಿ. ಮನಃಶಾಸ್ತ್ರಜ್ಞ ಲೀ ಕ್ರೋನ್‌ಬಾಕ್ 1951ರಲ್ಲಿ ವಿವರಿಸಿದ ಆ ಅಂಕೆ, ಸಾಲುಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ಮಾತ್ರ ಹೇಳುತ್ತದೆ. ಒಂದೇ ಮಾತನ್ನು ಮೂರು ಸಲ ತಿರುಗಿಸಿ ಕೇಳಿದರೂ ಏರುತ್ತದೆ. ಐದು ಮಳೆಮಾಪಕಕ್ಕೂ ಒಂದೇ ತಪ್ಪು ಗುರುತು ಹಾಕಿ ಪಕ್ಕಪಕ್ಕ ಇಟ್ಟರೆ ಐದರ ಲೆಕ್ಕವೂ ಹತ್ತಿರ ಹತ್ತಿರ ಬರುತ್ತದೆ, ಅಲ್ವಾ? ನಿಜಕ್ಕೂ ಬಿದ್ದ ಮಳೆ ಮಾತ್ರ ಅಷ್ಟಲ್ಲ.

ಹಾಗಾಗಿ ಹತ್ತು ಹದಿನೈದು ಜನರ ಎದುರು ಕೂತುಕೊಳ್ಳಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಆಡುವವರೂ ಇರಲಿ. ಒಂದೊಂದು ಸಾಲು ಓದಿಸಿ, ‘ಏನು ಅರ್ಥವಾಯಿತು, ನಿಮ್ಮ ಮಾತಲ್ಲೇ ಹೇಳಿ’ ಅನ್ನಿ. ಉತ್ತರ ಬದಲಾಗುತ್ತದೆಯೇ ಅಂತ ನೋಡಲು ಎರಡು ವಾರ ಬಿಟ್ಟು ಅದೇ ಜನರನ್ನು ಮತ್ತೆ ಕೇಳುವ ಹಂತವನ್ನು ಜುಲೈಗೆ ಇಟ್ಟುಕೊಳ್ಳಬೇಡಿ. ಆಗ ಮಳೆಗೆ ಕರೆಂಟು ಹೋಗಿ, ಟವರ್ ಸತ್ತು, ಊರಿಗೆ ಊರೇ ಪುಕ್ಕಟೆ ವಿಶ್ರಾಂತಿಯಲ್ಲಿರುತ್ತದೆ.

ಮೂಲ ಪ್ರಶ್ನಾವಳಿ ಮಾಡಿದವರ ಅನುಮತಿ ಪತ್ರವನ್ನೂ ಕಳಿಸಿ, ಅದಿಲ್ಲದೆ ಅಚ್ಚು ಹಾಕುವ ಹಾಗಿಲ್ಲ. ಪುಟ ಕಟ್ಟುವ ಹುಡುಗ ಭಾನುವಾರ ಬಿಡುವಾಗಿರುತ್ತಾನಂತೆ. ಅವನಿಂದಲೇ ಶುರು ಮಾಡಬಹುದು.

— ಸಂಪಾದಕ